ತಾನಾಗಿಯೇ ಹತ್ತಿದ ನಾಯಿ



ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ಸಾಲು. ಎಂಜಿನ್ನಿನ ಸದ್ದನ್ನೂ ಮೀರಿಸುವ ಹಾಡಿನ ಸದ್ದು. ಒಮ್ಮೆ ಚಿಕ್ಕೋಡಿ ರಸ್ತೆಯ ಚಹದಂಗಡಿಯ ಮುಂದೆ ಅಂತಹದೊಂದು ಟ್ರ್ಯಾಕ್ಟರು ಬಂದು ನಿಂತಿತು. ಚಾಲಕ ಯುವಕನು ಕಿವಿ ಮುಚ್ಚುವಂತೆ ತಲೆಗೆ ಟವೆಲ್ಲು ಬಿಗಿದಿದ್ದನು. ಅವನ ಪಕ್ಕದಲ್ಲಿ, ಸ್ಪೀಕರಿಗೆ ಗೇಣು ದೂರದಲ್ಲಿ, ಅವನ ನಾಯಿ ಕುಳಿತಿತ್ತು.

"ಏನಪಾ, ಆ ನಾಯಿ ಕಿವಿ ಗತಿ ಏನು?" ಎಂದು ಕೇಳಿದೆ.

"ಅದಕ್ಕೇನಾಗ್ತೈತ್ರೀ ಸರ? ನಾ ಏನ್ ಕರದಿಲ್ಲ, ತಾನ ಹತ್ತಿ ಕುಂಡ್ರತೈತಿ. ಇಳಿ ಅಂದ್ರೂ ಇಳಿಯಂಗಿಲ್ಲ" ಎಂದು ನಕ್ಕನು.

ಅವನು ಕೆಟ್ಟವನಲ್ಲ. ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು ಮೊದಲು ನಾಯಿಗೇ ಕೊಟ್ಟನು. ಆದರೂ ಅವನ ಮಾತು ನನ್ನನ್ನು ಕಾಡತೊಡಗಿತು. ತಾನಾಗಿಯೇ ಹತ್ತಿ ಬಂದವರ ವಿಷಯದಲ್ಲಿ ನಮಗೆ ಹೊಣೆ ಇಲ್ಲವೇ? ನೋವೆಂದು ಹೇಳಲಾರದವರ ಮೌನವನ್ನು ಒಪ್ಪಿಗೆ ಎಂದು ಎಣಿಸಬಹುದೇ?

ಇದೇ ಪ್ರಶ್ನೆ ವಿದೇಶಗಳಲ್ಲಿ ಸ್ವಂತ ಸಣ್ಣ ವಿಮಾನ ಹಾರಿಸುವವರ ಮುಂದೆಯೂ ಇದೆ. ಅವರಲ್ಲಿ ಅನೇಕರು ಸಾಕುನಾಯಿಯನ್ನು ಜೊತೆಗೇ ಒಯ್ಯುತ್ತಾರೆ. ನಾಲ್ಕು ಆಸನದ ವಿಮಾನದಲ್ಲಿ ಎಂಜಿನ್ನು ಕಾಲಿನ ಮುಂದೆಯೇ ಇರುತ್ತದೆ. ಒಳಗಿನ ಸದ್ದು ಎಷ್ಟೋ ವೇಳೆ 90 ಡೆಸಿಬೆಲ್ ಮುಟ್ಟುತ್ತದೆ. ಚಾಲಕರು ಹೆಡ್‌ಸೆಟ್ ಧರಿಸುತ್ತಾರೆ. ನಾಯಿಯದು ಬರಿಯ ಕಿವಿ. ಮನುಷ್ಯನಿಗೆ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿ. ನಾಯಿಗೆ ಸುಮಾರು 45,000ದವರೆಗೆ ಕೇಳುತ್ತದೆ. ನಮಗಿಂತ ಸೂಕ್ಷ್ಮವಾದ ಕಿವಿಗೆ ನಮಗಿರುವ ರಕ್ಷಣೆಯೂ ಇಲ್ಲ.

ಕಿವಿಯ ಹಾನಿ ಗಾಯದಂತೆ ಕಣ್ಣಿಗೆ ಕಾಣುವುದಿಲ್ಲ. ಒಳಕಿವಿಯಲ್ಲಿ ಧ್ವನಿಯನ್ನು ಗ್ರಹಿಸುವ ಸೂಕ್ಷ್ಮ ಕೂದಲಿನಂತಹ ಜೀವಕೋಶಗಳಿವೆ. ಅವು ಒಮ್ಮೆ ಸತ್ತರೆ, ಮನುಷ್ಯನಲ್ಲಾಗಲಿ ನಾಯಿಯಲ್ಲಾಗಲಿ, ಮತ್ತೆ ಹುಟ್ಟುವುದಿಲ್ಲ. ಮನುಷ್ಯರಿಗೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿಯೆಂದೂ, 100 ಡೆಸಿಬೆಲ್ ಆದರೆ 15 ನಿಮಿಷವೇ ಮಿತಿಯೆಂದೂ ತಜ್ಞರು ಹೇಳುತ್ತಾರೆ. ನಾಯಿ ದೂರು ಹೇಳುವುದಿಲ್ಲ. ಕರೆದರೆ ಬರುವುದಿಲ್ಲ, ಅಷ್ಟೇ. ಆಗ ನಾವು "ಮುದಿಯಾಯಿತು, ಮೊಂಡಾಯಿತು" ಎನ್ನುತ್ತೇವೆ.

ಇದನ್ನರಿತು ವಿಮಾನ ಹಾರಿಸುವ ಕೆಲವರು ನಾಯಿಯ ತಲೆಗೆ ಹೊಂದುವ ಕಿವಿಮುಚ್ಚಳಗಳನ್ನು ಬಳಸುತ್ತಿದ್ದಾರೆ. ಹೆಲಿಕಾಪ್ಟರಿನಲ್ಲಿ ಹೋಗುವ ಸೇನಾ ನಾಯಿಗಳಿಗಾಗಿ ಕುಲಾವಿಯಂತಹ ರಕ್ಷಣೆಯನ್ನು ಸಿದ್ಧಪಡಿಸಿರುವುದಾಗಿ ಅಮೆರಿಕದ ಸೇನೆ 2020ರಲ್ಲಿ ತಿಳಿಸಿತು. ಅದನ್ನು ಹಾರುವ ದಿನವೇ ಹಾಕಿದರೆ ನಾಯಿ ಕಿತ್ತೆಸೆಯುತ್ತದೆ. ಮೊದಲು ಮನೆಯಲ್ಲಿ, ತಿಂಡಿ ಕೊಡುತ್ತಾ, ಒಂದೆರಡು ನಿಮಿಷದಿಂದ ಆರಂಭಿಸಿ ರೂಢಿ ಮಾಡಿಸಬೇಕು. ಅಂದರೆ ರಕ್ಷಣೆಗೆ ಹಣವೊಂದೇ ಸಾಲದು, ತಾಳ್ಮೆಯೂ ಬೇಕು.

ವಿಮಾನ, ನಾಯಿ ಎಂದರೆ ನಮ್ಮಿಂದ ಬಲುದೂರದ ಮಾತೆಂದು ತಿಳಿಯಬೇಡಿ. ನಮ್ಮ ನೆರೆಯ ಮುಧೋಳದ ಬೇಟೆನಾಯಿ ಯಾರಿಗೆ ಗೊತ್ತಿಲ್ಲ? ಅಲ್ಲಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ 2021ರಲ್ಲಿ ನಾಲ್ಕು ಮರಿಗಳನ್ನು ಭಾರತೀಯ ವಾಯುಪಡೆಗೆ ಕೊಡಲಾಯಿತು. ರನ್‌ವೇಯಲ್ಲಿ ಹಕ್ಕಿಗಳನ್ನು ಓಡಿಸಿ ವಿಮಾನಗಳ ಅಪಘಾತ ತಪ್ಪಿಸುವುದು ಅವುಗಳ ಕೆಲಸ. ಕುರಿಮಂದೆಯ ಹಿಂದೆ ಓಡುತ್ತಿದ್ದ ತಳಿ ಈಗ ನಮ್ಮ ಪ್ರಾಣ ಕಾಯಲು ವಿಮಾನಗಳ ನಡುವೆ ಓಡುತ್ತದೆ. ನಮ್ಮನ್ನು ಕಾಯುವ ಕಿವಿಗಳನ್ನು ಕಾಯುವುದು ನಮ್ಮ ಕರ್ತವ್ಯವಲ್ಲವೇ?

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. "ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಂದಿರಿದ್ದಾರೆ, ಮಳೆಯಲ್ಲಿ ಸೋರುವ ಗುಡಿಸಲಲ್ಲಿ ಕಬ್ಬು ಕಡಿಯುವವರ ಮಕ್ಕಳಿದ್ದಾರೆ. ಅವರನ್ನು ಬಿಟ್ಟು ನಾಯಿಯ ಕಿವಿಯ ಚಿಂತೆಯೇ?" ನ್ಯಾಯವಾದ ಮಾತು. ನಮ್ಮ ಧರ್ಮಸಭೆಯ ಧರ್ಮೋಪದೇಶವೂ ಈ ತಕ್ಕಡಿಯನ್ನು ಸರಿಯಾಗಿಯೇ ಹಿಡಿದಿದೆ. ಪ್ರಾಣಿಗಳನ್ನು ಅನಾವಶ್ಯಕವಾಗಿ ನೋಯಿಸುವುದು ಮಾನವ ಘನತೆಗೆ ವಿರುದ್ಧವೆಂದು ಅದು ಕಲಿಸುತ್ತದೆ. ಬಡವರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ಯೋಗ್ಯವಲ್ಲವೆಂದು ಅಲ್ಲಿಯೇ ಹೇಳುತ್ತದೆ. ಆದರೆ ಸ್ಪೀಕರಿನ ಗುಂಡಿ ಕೆಳಗೆ ತಿರುಗಿಸಲು ಎಷ್ಟು ಹಣ ಬೇಕು? ಯಾವ ಬಡವನ ಪಾಲನ್ನೂ ನಾವು ಕಸಿಯಬೇಕಾಗಿಲ್ಲ. ಅದೇ ಟ್ರ್ಯಾಕ್ಟರಿನ ಮೇಲೆ ಒಮ್ಮೊಮ್ಮೆ ನಾಲ್ಕು ವರ್ಷದ ಮಗುವೂ ಕುಳಿತಿರುತ್ತದೆ. ಅದೂ ತಾನಾಗಿಯೇ ಹತ್ತಿದ್ದು. ಅದೂ ದೂರು ಹೇಳುವುದಿಲ್ಲ. ನಾಯಿಯ ಕಿವಿಯನ್ನು ಗಮನಿಸಿದ ಕಣ್ಣು ಮಗುವಿನ ಕಿವಿಯನ್ನು ಗಮನಿಸದೇ ಇರದು.

ತೋಬಿತನ ಗ್ರಂಥದಲ್ಲಿ ಯುವಕ ತೋಬಿಯಾಸನು ದೂರದ ಪ್ರಯಾಣಕ್ಕೆ ಹೊರಟಾಗ ಮನೆಯ ನಾಯಿಯೂ ಜೊತೆಗೆ ಹೊರಡುತ್ತದೆ. ತೋಬಿಯಾಸನಿಗೆ ದಾರಿ ತಿಳಿಯದು. ದಾರಿ ಬಲ್ಲವರು ಜೊತೆಗಿದ್ದ ರಫಾಯೇಲ ದೂತರು. ಅವನು ಅವರನ್ನು ನಂಬಿ ನಡೆದನು, ನಾಯಿ ಅವನನ್ನು ನಂಬಿ ನಡೆಯಿತು. ಅಪಾಯ ಬಂದಾಗ ದೂತರು "ನೀನಾಗಿಯೇ ಬಂದೆಯಲ್ಲ" ಎನ್ನಲಿಲ್ಲ. ದಾರಿ ಬಲ್ಲವರಾದ್ದರಿಂದ ಕಾಯುವ ಹೊಣೆಯನ್ನೂ ಹೊತ್ತರು.

ನನಗೆ ಸಿಕ್ಕ ಉತ್ತರ ಇಷ್ಟೇ. ನಾಯಿ ಹತ್ತುವುದು ಸದ್ದನ್ನು ಒಪ್ಪಿ ಅಲ್ಲ, ನಮ್ಮನ್ನು ನಂಬಿ. ಹಾನಿ ಏನೆಂದು ಬಲ್ಲವರು ಯಾರೋ ಹೊಣೆ ಅವರದು. ತಲೆಗೆ ಟವೆಲ್ಲು ಸುತ್ತಿಕೊಂಡ ಕ್ಷಣದಲ್ಲೇ ಆ ಯುವಕನು ತಾನು ಬಲ್ಲವನೆಂದು ತೋರಿಸಿಕೊಂಡಿದ್ದನು. ನಾವೂ ಅಷ್ಟೇ: ನಮ್ಮ ಕಿವಿಗೆ ಕೈ ಹೋದಾಗ, ಜೊತೆಗಿರುವ ಕಿವಿಗಳು ಯಾರವು ಎಂದು ನೋಡಬೇಕು.

ಒಂದು ಸುಲಭದ ಪರೀಕ್ಷೆ ಇದೆ. ತೋಳಿನಳತೆಯ ದೂರದಲ್ಲಿರುವವರೊಡನೆ ಕೂಗಿ ಮಾತಾಡಬೇಕಾಯಿತೆಂದರೆ ಆ ಸದ್ದು ಹಾನಿಕರವೆಂದೇ ತಿಳಿಯಿರಿ. ಸದ್ದು ಇಳಿಸಿ, ಆಗದಿದ್ದರೆ ನಾಯಿಯನ್ನೂ ಮಗುವನ್ನೂ ದೂರ ಕೂರಿಸಿ. ಮನೆಯ ಮದುವೆಯ ಮೆರವಣಿಗೆಯಲ್ಲಿ, ಊರ ಹಬ್ಬದ ಪಟಾಕಿಯಲ್ಲಿ ನಾಯಿಯನ್ನು ಹೊರಗೆ ಕಟ್ಟಿಹಾಕದೆ ಒಳಕೋಣೆಯಲ್ಲಿ ಬಿಡಿ.

ಆ ದಿನ ನಾನು ಆ ಯುವಕನಿಗೆ ಉಪದೇಶ ಮಾಡಲಿಲ್ಲ. "ನಿನ್ನ ಟವೆಲ್ಲಿಗೆ ಜೋಡಿ ಇನ್ನೊಂದು ಬೇಕಲ್ಲಪಾ" ಎಂದೆ. ಅವನು ನಾಯಿಯ ಮುಖ ನೋಡಿದನು. ಹೊರಡುವಾಗ ಹಾಡು ನಿಂತಿತ್ತು. ಮುಂದಿನ ತಿರುವಿನಲ್ಲಿ ಮತ್ತೆ ಹಚ್ಚಿದನೋ ಏನೋ, ನನಗೆ ಕೇಳಿಸಲಿಲ್ಲ.