ದಿನ ತುಂಬದ ಕೂಸಿನ ಮೇಲಣ ಪ್ರೀತಿ

ದಿನ ತುಂಬುವ ಮೊದಲು ಕೂಸು ಹುಟ್ಟಿದ ಮನೆಯಲ್ಲಿ ಹಿರಿಯರು, "ಉಳಿದ ಮೇಲೆ ನಮ್ಮದು, ಈಗಲೇ ಮನಸ್ಸು ಹಚ್ಚಿಕೊಳ್ಳಬೇಡ" ಎಂದು ತಾಯಿಗೆ ಬುದ್ಧಿ ಹೇಳುವದುಂಟು. ಇದು ದುಃಖಕ್ಕೆ ಅಂಜಿದವರ ಮಾತು. ನಾವು ಅದನ್ನು ಹೀಯಾಳಿಸೆವು. ಆದರೂ ಅದು ನ್ಯಾಯವೋ ಎಂದು ವಿಚಾರಿಸತಕ್ಕದ್ದು.

ಇಂಥ ಕೂಸಿನ ಮೈಯಲ್ಲಿ ಕೊಬ್ಬು ಸ್ವಲ್ಪ. ಆದಕಾರಣ ಅದು ಬೇಗನೆ ತಣ್ಣಗಾಗುವದು. 1970ರ ದಶಕದ ಕೊನೆಗೆ ಕೊಲಂಬಿಯಾ ದೇಶದ ಬೊಗೊಟಾ ಪಟ್ಟಣದಲ್ಲಿ ಕಾವಿನ ಪೆಟ್ಟಿಗೆಗಳು ಸಾಲದೆ ಹೋದಾಗ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಗೆ ಕಟ್ಟಿದರು. ಇದೇ ಕಾಂಗರೂ ಆರೈಕೆ. ಗದಗಿನ ಆಚೆಯ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯ ತನಕ ನಡಿಸಿದ ವರದಿಯು 2021ರಲ್ಲಿ ಪ್ರಕಟವಾಯಿತು. ಆದಷ್ಟು ಬೇಗ ಆರಂಭಿಸಿ ದಿನಕ್ಕೆ 8ರಿಂದ 24 ತಾಸು ಹೀಗೆ ಅಪ್ಪಿಕೊಂಡಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೇಳಿತು. ತಾಯಿ ದಣಿದರೆ ತಂದೆಯ ಎದೆಯೂ ಸಲ್ಲುವದು. ಹೀಗಿರಲಾಗಿ, ಉಳಿದ ಮೇಲೆ ಪ್ರೀತಿಸುವೆವೆಂಬವರು ಕೂಸು ಉಳಿಯುವ ದಾರಿಯನ್ನೇ ಕಟ್ಟುತ್ತಾರೆ.

ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು, ರಾಣೇಬೆನ್ನೂರಿನ ಹೊಲದಲ್ಲಿ ಕಳೆ ತೆಗೆಯುವವಳು ಎಂಟು ತಾಸು ಕೂತರೆ ಮನೆಯ ಒಲೆ ಹಚ್ಚುವವರಾರು? ಹಾವೇರಿಯ ಆಸ್ಪತ್ರೆಗೆ ಬುತ್ತಿ ಒಯ್ಯುವವರಾರು? ನೆರೆಯವರ ಕರ್ತವ್ಯವು ಇಲ್ಲಿಂದ ಆರಂಭವಾಗುವದು. ಒಂದು ಕೊಡ ನೀರು, ನಾಲ್ಕು ರೊಟ್ಟಿ, ಹಿರಿಮಕ್ಕಳ ಮೇಲೆ ಕಣ್ಣು, ಇವು ಆ ಕೂಸಿಗೆ ಸಲ್ಲುವ ಆರೈಕೆಯೇ.

ಇಷ್ಟಾದರೂ ಕೆಲವು ಕೂಸುಗಳು ಉಳಿಯವು. ಆಗ ಪ್ರೀತಿಯು ವ್ಯರ್ಥವಾಯಿತೋ? ಹಾಗೆನ್ನಲಾರೆವು. ಇದ್ದಷ್ಟು ದಿವಸ ಆ ಕೂಸು ಪರರದಾಗಿರಲಿಲ್ಲ.