ಯಾವ ಕಡೆಗೆ ತಿರುಗಿಸುತ್ತಿದ್ದೇನೆ?



*ಇಂದಿನ ಧಮ್ಮ ಚಿಂತನೆ*



ಇಂದು ಬರೆಯುವ ಸರದಿ ನನ್ನದು. ಬೆರಳ ಸಂದಿಯಲ್ಲಿ ಇನ್ನೂ ಕರಿ ಎಣ್ಣೆ ಉಳಿದಿದೆ. ಹಾಗಾಗಿ ಅದರ ಬಗ್ಗೆಯೇ ಬರೆಯುತ್ತೇನೆ.

ಮುಟ್ಟಳ್ಳಿಯ ನಮ್ಮ ಮನೆಯಲ್ಲಿ ಅಪ್ಪ ಬಿಟ್ಟುಹೋದ 1999ರ ಮಾರುತಿ ಓಮ್ನಿ ಇದೆ. ಕಡಲ ಉಪ್ಪುಗಾಳಿಗೆ, ನಾಲ್ಕು ತಿಂಗಳ ಮಳೆಗೆ ಅಡಿಭಾಗವೆಲ್ಲ ತುಕ್ಕು. ಆದರೂ ಓಡುತ್ತದೆ. ಮೊನ್ನೆ ಅಮ್ಮನನ್ನು ಕಣ್ಣಿನ ತಪಾಸಣೆಗೆ ಕುಂದಾಪುರಕ್ಕೆ ಕರೆದೊಯ್ಯಬೇಕಿತ್ತು. ಎರಡು ವರ್ಷದಿಂದ ಎಂಜಿನ್ ಎಣ್ಣೆ ಬದಲಿಸಿರಲಿಲ್ಲ. ಹಿಂದಿನ ಸಂಜೆ ಮುಂಚಕ್ರಗಳನ್ನು ಗಟ್ಟಿ ಇಳಿಜಾರಿನ ಮೇಲೆ ಹತ್ತಿಸಿ, ಹಿಂಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯಡಿ ಮಲಗಿದೆ.

ಹಳೆಯ ಎಣ್ಣೆ ಇಳಿಸಿದ್ದಾಯಿತು. ಫಿಲ್ಟರ್ ಮಾತ್ರ ಅಲ್ಲಾಡಲಿಲ್ಲ. ಕೈ ಜಾರುತ್ತದೆಂದು ಉಪ್ಪುಕಾಗದ ಸುತ್ತಿ ಹಿಡಿದೆ. ಆಗಲಿಲ್ಲ. ಪಟ್ಟಿಯ ಪಾನ ಹಾಕಿದೆ. ಅದೂ ಜಾರಿತು. ಎಣ್ಣೆ ಇಳಿಸಿಯಾಗಿದ್ದರಿಂದ ಎಂಜಿನ್ ಚಾಲೂ ಮಾಡುವಂತಿಲ್ಲ, ಗಾಡಿಯನ್ನು ಗ್ಯಾರೇಜಿಗೆ ಒಯ್ಯುವಂತೆಯೂ ಇಲ್ಲ. ಸಿಟ್ಟು ಬಂತು. ದೊಡ್ಡ ಸ್ಕ್ರೂಡ್ರೈವರ್ ತಂದು, ಸುತ್ತಿಗೆಯಿಂದ ಹೊಡೆದು ಫಿಲ್ಟರಿನ ಡಬ್ಬಿಯನ್ನೇ ಅಡ್ಡಲಾಗಿ ಚುಚ್ಚಿ, ಅದನ್ನೇ ಹಿಡಿಯಾಗಿಸಿ ತಿರುಗಿಸಿದೆ. ಆ ಡಬ್ಬಿ ತೆಳು ತಗಡು. ಪರ್‍ರೆಂದು ಹರಿಯಿತು. ಒಳಗೆ ಉಳಿದಿದ್ದ ಎಣ್ಣೆಯೆಲ್ಲ ಮೊಣಕೈವರೆಗೆ ಇಳಿಯಿತು. ಫಿಲ್ಟರಿನ ಬುಡ ಮಾತ್ರ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಬಂದು ಬಗ್ಗಿ ನೋಡಿದ. "ಮಾವ, ಯಾವ ಕಡೆಗೆ ತಿರುಗಿಸ್ತಾ ಇದ್ದೀರಿ?" ಎಂದ.

ಡಬ್ಬಿಯ ತುದಿಯ ಕಡೆಯಿಂದ ನೋಡಿದರೆ ಗಡಿಯಾರಕ್ಕೆ ಎದುರಾಗಿ ತಿರುಗಿಸಿದಾಗ ಅದು ಸಡಿಲವಾಗಬೇಕು. ಆದರೆ ನಾನು ಮಲಗಿದ್ದ ಭಂಗಿಯಲ್ಲಿ ಕೈಯನ್ನು ಆಚೆಯಿಂದ ಬಳಸಿ ಹಾಕಿದ್ದೆ. ಎಡ ಬಲವಾಗಿತ್ತು. ಅರ್ಧ ಗಂಟೆಯಿಂದ ನಾನು ಬಿಗಿ ಮಾಡುತ್ತಲೇ ಇದ್ದೆ!

ಹೊರಗೆ ಬಂದು ಕೈ ಒರೆಸಿಕೊಂಡು ಜಗಲಿಯ ಮೇಲೆ ಕುಳಿತೆ. ಆಗ ನಾವು ಒಟ್ಟಿಗೆ ಓದಿದ ವಿತಕ್ಕಸಂಠಾನ ಸುತ್ತ ನೆನಪಾಯಿತು. ಮಜ್ಝಿಮ ನಿಕಾಯದ 20ನೆಯ ಸುತ್ತ. ಕೆಟ್ಟ ಯೋಚನೆ ಮನಸ್ಸಿನಲ್ಲಿ ಕಚ್ಚಿ ಕೂತರೆ ಏನು ಮಾಡಬೇಕೆಂದು ಭಗವಾನರು ಅಲ್ಲಿ ಐದು ಉಪಾಯ ಹೇಳುತ್ತಾರೆ. ಮೊದಲನೆಯದು, ಬಡಗಿ ಸಣ್ಣ ಬೆಣೆಯಿಂದ ದಪ್ಪ ಬೆಣೆಯನ್ನು ಹೊಡೆದು ತೆಗೆಯುವಂತೆ ಕೆಟ್ಟ ಯೋಚನೆಯ ಜಾಗಕ್ಕೆ ಒಳ್ಳೆಯದನ್ನು ತರುವುದು. ಎರಡನೆಯದು, ಅದರ ಕೇಡನ್ನು ಕಾಣುವುದು. ಮೂರನೆಯದು, ಅದಕ್ಕೆ ಗಮನ ಕೊಡದಿರುವುದು. ನಾಲ್ಕನೆಯದು, ವೇಗವಾಗಿ ನಡೆಯುವವನು 'ನಾನೇಕೆ ವೇಗವಾಗಿ ನಡೆಯುತ್ತಿದ್ದೇನೆ' ಎಂದುಕೊಂಡು ನಿಧಾನವಾಗಿ, ನಿಂತು, ಕುಳಿತು, ಮಲಗುವಂತೆ ಯೋಚನೆಯ ಬೇರನ್ನು ಹಂತಹಂತವಾಗಿ ತಣಿಸುವುದು. ಹಲ್ಲು ಕಚ್ಚಿ ಮನಸ್ಸಿನಿಂದಲೇ ಮನಸ್ಸನ್ನು ಅದುಮುವುದು ಐದನೆಯದು.

ಬಲಪ್ರಯೋಗವನ್ನು ಭಗವಾನರು ಬೇಡವೆಂದಿಲ್ಲ. ಕೊನೆಗೆ ಇಟ್ಟಿದ್ದಾರೆ. ಉಳಿದ ನಾಲ್ಕೂ ಸೋತ ಮೇಲೆ ಅದರ ಸರದಿ. ನಾನು ಕುಳಿತು ನೋಡುವ ಮೊದಲೇ ಅದುಮಲು ಹೋಗಿದ್ದೆ. ಸಮ್ಮಾ ವಾಯಾಮವನ್ನು ನಾವು 'ಸಮ್ಯಕ್ ಪ್ರಯತ್ನ' ಎನ್ನುತ್ತೇವೆ. ಪ್ರಯತ್ನ ನನ್ನಲ್ಲಿ ಬೇಕಾದಷ್ಟಿತ್ತು. 'ಸಮ್ಯಕ್' ಇರಲಿಲ್ಲ.

ಜಗಲಿಯಲ್ಲಿ ಕುಳಿತಾಗ ಇನ್ನೊಂದು ಪ್ರಶ್ನೆ ಬಂತು. ಈ ಫಿಲ್ಟರನ್ನು ಇಷ್ಟು ಬಿಗಿ ಮಾಡಿದವರು ಯಾರು?

ನಾನೇ. ಎರಡು ವರ್ಷದ ಹಿಂದೆ, ತೋಟ ಪಾಲಾದ ದಿನ. ಅಂದೂ ಹೀಗೇ ಗಾಡಿಯಡಿ ಇದ್ದೆ. ತಮ್ಮ ಪಕ್ಕದಲ್ಲಿ ನಿಂತಿದ್ದ. ಮಾತಿಗೆ ಮಾತು ಬೆಳೆಯಿತು. "ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀನೆಲ್ಲಿದ್ದೆ?" ಎಂದುಬಿಟ್ಟೆ. ಅವನು ದುಬೈನಲ್ಲಿದ್ದ. ತಿಂಗಳು ತಿಂಗಳು ಔಷಧಿಯ ಹಣ ಕಳಿಸುತ್ತಿದ್ದವನು ಅವನೇ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಅವನು ಸುಮ್ಮನೆ ಹೋದ. ಕೈಯಲ್ಲಿ ಕೂರಿಸಬೇಕಾದ ಫಿಲ್ಟರಿಗೆ ನಾನು ಪಾನ ಹಾಕಿ ಇನ್ನೂ ಒಂದು ಸುತ್ತು ಬಿಗಿದೆ. ಆ ಬಿಗಿತದ ಮೇಲೆ ಎಂಜಿನ್ನಿನ ಶಾಖ ಬಿದ್ದು, ರಬ್ಬರ್ ಬಳೆ ಗಟ್ಟಿಯಾಗಿ ಲೋಹಕ್ಕೆ ಅಂಟಿಕೊಂಡಿತ್ತು.

ಗಾಡಿಯೇನೂ ನಿಂತಿರಲಿಲ್ಲ. ಫಿಲ್ಟರಿನ ಕಾಗದ ಕೊಳೆಯಿಂದ ಕಟ್ಟಿಕೊಂಡರೆ ಒಂದು ಕವಾಟ ತೆರೆದು, ಸೋಸದ ಎಣ್ಣೆಯೇ ಎಂಜಿನ್ನಿಗೆ ಹೋಗುತ್ತದೆ. ಚಾಲಕನಿಗೆ ಏನೂ ತಿಳಿಯುವುದಿಲ್ಲ, ಒಳಗೆ ಸವೆಯುತ್ತಿರುತ್ತದೆ. ನಾನೂ ಎರಡು ವರ್ಷ ಹಾಗೆಯೇ ಓಡಿದೆ. ಧ್ಯಾನಕ್ಕೆ ಕುಳಿತೆ, ಮೆತ್ತಾ ಭಾವನೆ ಮಾಡಿದೆ. ಸಕಲ ಜೀವಿಗಳ ಪಟ್ಟಿಯಲ್ಲಿ ತಮ್ಮನೊಬ್ಬನನ್ನು ಬಿಟ್ಟು.

ಮತ್ತೆ ಗಾಡಿಯಡಿ ಹೋದೆ. ಉಳಿದಿದ್ದ ಬುಡದ ಅಂಚಿಗೆ ಉಳಿ ಇಟ್ಟು, ಹುಡುಗ ತೋರಿಸಿದ ದಿಕ್ಕಿಗೆ ಸಣ್ಣ ಸಣ್ಣ ಏಟು ಕೊಟ್ಟೆ. ಒಂದೇ ಕಡೆಗಲ್ಲ, ಸುತ್ತಲೂ ಸ್ವಲ್ಪ ಸ್ವಲ್ಪ. ಕೂದಲೆಳೆಯಷ್ಟು ಸರಿಯಿತು. ಆಮೇಲೆ ಕೈಯಲ್ಲೇ ಬಂತು.

ಖುಷಿಯಿಂದ ಹೊಸದನ್ನು ಹಾಕಲು ಹೊರಟಿದ್ದೆ. "ಹಳೇ ಬಳೆ ಬಂತಾ ನೋಡಿ" ಎಂದ ಹುಡುಗ. ಬ್ಯಾಟರಿ ಹಿಡಿದು ನೋಡಿದರೆ ಹಳೆಯ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿ ಕೂತಿತ್ತು. ಎಣ್ಣೆಯ ಬಣ್ಣವೇ ಅದಕ್ಕೂ ಬಂದಿತ್ತು. ಅದರ ಮೇಲೆ ಹೊಸ ಫಿಲ್ಟರ್ ಹಾಕಿದರೆ ಮೊದಲು ಸರಿಯಾಗಿ ಕೂತಂತೆಯೇ ಕಾಣುತ್ತದೆ. ಎಣ್ಣೆಯ ಒತ್ತಡ ಬಿದ್ದಾಗ ಎರಡು ಬಳೆಗಳ ನಡುವಿನಿಂದ ಎಣ್ಣೆಯೆಲ್ಲ ಚಿಮ್ಮಿ ಹೋಗಿ ಎಂಜಿನ್ನೇ ಹಾಳಾಗಬಹುದು. ಅಮ್ಮನನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ ಹಾಗಾಗಿದ್ದರೆ?

ಮಿತ್ರರೇ, ಆ ಬಳೆಯನ್ನು ಕೆರೆದು ತೆಗೆಯುವಾಗ ಕಳೆದ ದೀಪಾವಳಿ ನೆನಪಾಯಿತು. ರಾಜಿಯಾಗಲೆಂದು ಸಿಹಿ ಹಿಡಿದು ಹೊನ್ನಾವರದ ತಮ್ಮನ ಮನೆಗೆ ಹೋಗಿದ್ದೆ. ನಗುನಗುತ್ತ ಚಹಾ ಕುಡಿದೆವು. ಅರ್ಧ ಗಂಟೆಯಲ್ಲಿ ಯಾವುದೋ ಸಣ್ಣ ಲೆಕ್ಕ ಬಂದು, ಎಲ್ಲವೂ ಸೋರಿಹೋಯಿತು. ತಪ್ಪು ಅವನದೆಂದುಕೊಂಡು ಮನೆಗೆ ಬಂದಿದ್ದೆ. ಈಗ ಕಾಣುತ್ತದೆ, ಆ ಹಳೆಯ ಮಾತನ್ನು ತೆಗೆಯದೆ ಅದರ ಮೇಲೆಯೇ ಸಿಹಿ ಇಟ್ಟಿದ್ದೆ.

ಹೊಸ ಬಳೆಗೆ ಬೆರಳಿನಿಂದ ಎಣ್ಣೆ ಸವರಿ, ಅದು ತಾಗುವವರೆಗೆ ಕೈಯಲ್ಲಿ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು ಮಾತ್ರ ಬಿಗಿದೆ. ಹೊಸ ಎಣ್ಣೆ ತುಂಬಿ, ಚಾಲೂ ಮಾಡಿ, ಅಡಿಗೆ ಕಾಗದ ಹಾಸಿ ನೋಡಿದೆ. ಒಂದು ಹನಿಯೂ ಬೀಳಲಿಲ್ಲ. ಅಮ್ಮ ಕುಂದಾಪುರಕ್ಕೆ ಹೋಗಿ ಬಂದರು.

ಅಶೋಕನ ಕಾಲದಲ್ಲಿ ರಕ್ಖಿತ ಥೇರರು ವನವಾಸಕ್ಕೆ ಧಮ್ಮ ತಂದರೆಂದು ಮಹಾವಂಸ ಹೇಳುತ್ತದೆ. ಅದು ನಮ್ಮ ಜಿಲ್ಲೆಯ ಬನವಾಸಿಯೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಬನವಾಸಿಗೆ ಅಷ್ಟು ಹಿಂದೆಯೇ ಬಂದ ಧಮ್ಮ ನನ್ನ ಅಂಗಳಕ್ಕೆ ಬರಲು ಇಷ್ಟು ದಿನ ಬೇಕಾಯಿತು.

ಈ ಭಾನುವಾರ ಹೊನ್ನಾವರಕ್ಕೆ ಹೋಗುತ್ತೇನೆ. ಸಿಹಿ ಒಯ್ಯುವುದಿಲ್ಲ. ಕುಳಿತ ಕೂಡಲೇ, ಚಹಾ ಬರುವ ಮೊದಲೇ, "ಅಂದು ನಾನು ಹೇಳಿದ್ದು ಸುಳ್ಳು, ಸುಳ್ಳೆಂದು ಗೊತ್ತಿದ್ದೇ ಹೇಳಿದೆ" ಎನ್ನುತ್ತೇನೆ. ಅವನು ಏನೆನ್ನುತ್ತಾನೋ ತಿಳಿಯದು. ಅದು ಅವನ ಕೈಯಲ್ಲಿದೆ. ಕೆರೆದು ತೆಗೆಯುವುದು ನನ್ನ ಕೆಲಸ.

*ಇಂದಿನ ಅಭ್ಯಾಸ:* ಬಿಡದೆ ಕಾಡುವ ಒಂದು ಸಂಗತಿಯನ್ನು ಎದುರಿಗೆ ಇಟ್ಟುಕೊಂಡು ಹತ್ತು ನಿಮಿಷ ಕುಳಿತುಕೊಳ್ಳಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಬಿಗಿದವರು ಯಾರು? ನಾನು ಈಗ ತಿರುಗಿಸುತ್ತಿರುವುದು ಯಾವ ಕಡೆಗೆ? ಹಳೆಯ ಬಳೆ ಬಂತೇ?

ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು 🙏