ಎಂಜಲು, ಗೊಬ್ಬರ ಮತ್ತು ಉದ್ಯೋಗಿ ಹಿಂಸೆ

ಕಳೆದ ಚಾತುರ್ಮಾಸದಲ್ಲಿ ಕಾರ್ಕಳದ ಚತುರ್ಮುಖ ಬಸದಿಯಲ್ಲಿ ದರ್ಶನ ಮುಗಿಸಿ ಇಳಿಯುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತಾಯಿಯೊಡನೆ ಎದುರಾದನು. ಉಡುಪಿ, ಮಣಿಪಾಲಗಳ ಹೋಟೆಲು ಮತ್ತು ವಿದ್ಯಾರ್ಥಿನಿಲಯಗಳ ಹಸಿ ಕಸವನ್ನು ಸಂಗ್ರಹಿಸಿ, ಕಾಪುವಿನ ಸಮೀಪದ ತನ್ನ ಭೂಮಿಯಲ್ಲಿ ಗೊಬ್ಬರವಾಗಿಸಿ ಮಾರುವ ಉದ್ಯಮವನ್ನು ಹೂಡಬೇಕೆಂದು ಆತನ ಯೋಚನೆ. ತಾಯಿಯವರು ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ತಪ್ಪದೆ ನಡೆಸಿಕೊಂಡು ಬಂದವರು. “ಹುಳು ಬಿದ್ದೀತೆಂದು ಸೂರ್ಯಾಸ್ತದ ಮೊದಲೇ ಉಣ್ಣುವ ಮನೆಯವರು ಹುಳ ಬಿದ್ದ ಅನ್ನದಿಂದಲೇ ಹೊಟ್ಟೆ ಹೊರೆಯಬಹುದೇ, ಮಾಸ್ತರರೇ?” ಎಂದು ಕೇಳಿದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಶ್ನೆಯನ್ನು ಹಗುರಗೊಳಿಸಿ ಪ್ರಯೋಜನವಿಲ್ಲ. ಹಸಿ ಕಸದ ರಾಶಿಯು ಸರಿಯಾಗಿ ಕಳಿಯತೊಡಗಿದರೆ ಅದರ ಒಳಗಿನ ಉಷ್ಣತೆ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ರೋಗಾಣುಗಳೂ ಕಳೆಯ ಬೀಜಗಳೂ ಆ ಕಾವಿನಲ್ಲೇ ನಾಶವಾಗುತ್ತವೆ. ನೊಣದ ಮರಿಹುಳುಗಳೂ ಸಾಯುತ್ತವೆ. ಏಕೇಂದ್ರಿಯಗಳ ಮಾತು ಹಾಗಿರಲಿ, ಇದು ತ್ರಸಜೀವಿಗಳ ಘಾತ. “ನಮ್ಮ ಹಿರಿಯರು ಹಟ್ಟಿಗೊಬ್ಬರ ಮಾಡಲಿಲ್ಲವೇ?” ಎಂದು ಕೆಲವರು ಸಮಾಧಾನ ಹೇಳುವುದುಂಟು. ಮಾಡಿದರು. ಆದರೆ ಅದು ಸ್ವಂತ ಹಸುವಿನ ಸೆಗಣಿ, ಸ್ವಂತ ಗುಡ್ಡದ ಸೊಪ್ಪು, ಸ್ವಂತ ಗದ್ದೆಯ ಅಳತೆ. 1974ರ ಭೂಸುಧಾರಣೆಯ ತಿದ್ದುಪಡಿಯ ತರುವಾಯ ಗದ್ದೆಗಳನ್ನು ಕಳೆದುಕೊಂಡ ಅನೇಕ ಜೈನ ಕುಟುಂಬಗಳು ವ್ಯಾಪಾರಕ್ಕೆ ಇಳಿದವು. ವ್ಯಾಪಾರಕ್ಕಾದರೋ ಗದ್ದೆಯಂತೆ ಬದುವಿಲ್ಲ.

ಶ್ರಾವಕನು ತ್ಯಜಿಸಲೇಬೇಕಾದುದು ಸಂಕಲ್ಪೀ ಹಿಂಸೆ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಗೃಹಸ್ಥನು ಸಂಪೂರ್ಣವಾಗಿ ಬಿಡಲಾರನಾದುದರಿಂದ ಅವನ್ನು ಕುಗ್ಗಿಸುತ್ತ ಹೋಗಬೇಕು. ಗೊಬ್ಬರದ ಉದ್ಯಮವು ಉದ್ಯೋಗೀ ಹಿಂಸೆಗೆ ಸೇರುತ್ತದೆಂದು ಹೇಳಿ ಪುಸ್ತಕ ಮುಚ್ಚಬಹುದಾಗಿತ್ತು. ಆದರೆ ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯನ್ನು ಪ್ರಮಾದದೊಡನೆ ಜೋಡಿಸಿದ್ದಾರೆ. ಹಾಗಾದರೆ ಇಲ್ಲಿ ಪ್ರಮಾದವು ಯಾರದು, ಎಲ್ಲಿ ಆರಂಭವಾಗುತ್ತದೆ?

ಗೊಬ್ಬರದ ಅಂಗಳದಲ್ಲಿ ಅಲ್ಲ, ಊಟದ ಎಲೆಯ ಮೇಲೆ. ಅನ್ನಕ್ಕೆ ಕಾಲಮರ್ಯಾದೆಯನ್ನು ಲೆಕ್ಕಹಾಕುವ ನಾವು, ಎಲೆಯಲ್ಲಿ ಬಿಟ್ಟ ಅನ್ನಕ್ಕೆ ಆ ಲೆಕ್ಕವನ್ನು ಹಚ್ಚುವುದಿಲ್ಲ. ವ್ರತದ ಉದ್ಯಾಪನೆಯ ಊಟದ ಮರುದಿನ ಹಿತ್ತಿಲಿನ ಕಡೆ ಹೋಗಿ ನೋಡಿದವರಿಗೆ ಇದು ತಿಳಿದೀತು. ನನ್ನದೇ ಮಾತು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಕಸದ ಗುಂಡಿಯಲ್ಲಿ ಬಿಳಿಯ ಹುಳಗಳು ತುಂಬಿದಾಗ, ಬ್ಲೀಚಿಂಗ್ ಪೌಡರ್ ಸುರಿಯಲೇ ಎಂದು ಮನೆಯವರು ಕೇಳಿದರು. ನಾನು ಸ್ವಾಧ್ಯಾಯದಲ್ಲಿದ್ದೆ, ಪುಸ್ತಕದಿಂದ ತಲೆಯೆತ್ತದೆ ‘ಹೂಂ’ ಎಂದೆ. ಕೃತ, ಕಾರಿತ, ಅನುಮೋದನೆಗಳನ್ನು ಮಕ್ಕಳಿಗೆ ಪಾಠ ಹೇಳಿದವನ ಅನುಮೋದನೆ ಅದು! ಅದು ಸಂಕಲ್ಪೀ ಹಿಂಸೆಯಲ್ಲದೆ ಬೇರೇನು? ನಗರದ ಗಾಡಿಗೆ ಚೀಲ ಕಟ್ಟಿ ಕೊಟ್ಟವರು ಇದನ್ನೇ ಅಲೆವೂರಿನ ಕರ್ವಾಲಿಗೆ ಸಾಗಿಸುತ್ತಾರೆ, ತಮ್ಮ ಕಣ್ಣಿಗೆ ಬೀಳದಂತೆ.

ಆದುದರಿಂದ ನಾನು ಶಿಷ್ಯನಿಗೆ ಕೇಳಿದ್ದು ಕಾಲದ ವಿಷಯ. ನೊಣದ ಮೊಟ್ಟೆ ಒಂದು ದಿನದೊಳಗೇ ಒಡೆಯಬಲ್ಲದು. ಬಂದ ಕಸವನ್ನು ಬಂದ ಗಳಿಗೆಯಲ್ಲೇ ಒಣ ತರಗೆಲೆ, ತೆಂಗಿನ ನಾರಿನ ಪುಡಿಗಳೊಡನೆ ಬೆರೆಸಿ, ಮೇಲೆ ದಪ್ಪನಾಗಿ ಹೊದಿಸಿದರೆ ನೊಣ ಕೂರುವುದು ಕಡಿಮೆ. ಹುಟ್ಟದ ಹುಳು ಸಾಯಬೇಕಾಗಿಲ್ಲ. ಇಂಗಾಲ ಮತ್ತು ಸಾರಜನಕಗಳ ಪ್ರಮಾಣ ಸುಮಾರು 30ಕ್ಕೆ 1ರಂತೆ ಇದ್ದರೆ, ತೇವ ಮಿತಿಮೀರದಿದ್ದರೆ, ದುರ್ವಾಸನೆಯೂ ಏಳದು. ನಮ್ಮ ಕರಾವಳಿಯ ಮಳೆಯಲ್ಲಿ ಮಾಡು ಇಲ್ಲದೆ ಇದು ಆಗದ ಮಾತು. ಯತ್ನಾಚಾರವೆಂದರೆ ಇಲ್ಲಿ ಇದೇ.

ಆತನು ಭಕ್ತಿಯಿಂದ, “ಪರ್ವದಿನಗಳಲ್ಲಿ ಘಟಕವನ್ನು ಮುಚ್ಚುತ್ತೇನೆ” ಎಂದನು. ಬೇಡವೆಂದೆ. ಉಪವಾಸದ ದಿನ ಆರಂಭವನ್ನು ಬಿಡಬೇಕೆಂಬುದು ಸರಿ. ಆದರೆ ಹೊದಿಸದೆ ಬಿಟ್ಟ ರಾಶಿಯಲ್ಲಿ ಮರುದಿನಕ್ಕೆ ಎಷ್ಟು ಜೀವಗಳು ಹುಟ್ಟಿ, ಎಷ್ಟು ಬೆಂದಾವು? ಬೇಕಾದರೆ ಅಂದು ಮಾರಾಟ ನಿಲ್ಲಲಿ, ಲೆಕ್ಕ ನಿಲ್ಲಲಿ. ಹೊದಿಸುವ ಕೈ ನಿಲ್ಲಬಾರದು. ಈ ಅಭಿಪ್ರಾಯವನ್ನು ಒಪ್ಪದ ಹಿರಿಯರು ಇರಬಹುದು.

ಎರೆಹುಳುವಿನ ಗೊಬ್ಬರದಲ್ಲಿ ಕಾವಿಲ್ಲವೆಂದು ಆತನು ಸೂಚಿಸಿದನು. ಆದರೆ ದ್ವೀಂದ್ರಿಯ ಜೀವಿಯನ್ನು ಕಿಲೋ ಲೆಕ್ಕದಲ್ಲಿ ಕೊಂಡು ಮಾರುವುದು ನನಗೆ ಇನ್ನೂ ಅಸಹ್ಯ. ಅದರ ಚರ್ಚೆ ಇಲ್ಲಿ ಬೇಡ.

ಹೆಚ್ಚಿನ ಭಯ ಬೇರೆಯದು. ಪಟ್ಟಣದ ಕಸವನ್ನು ಗೊಬ್ಬರವಾಗಿಸಿ ಮಾರುವುದು ಹೊಸದಲ್ಲ. ಬೆಂಗಳೂರಿನಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು 1975ರಲ್ಲೇ ಸ್ಥಾಪನೆಯಾಯಿತು. ಆದರೆ ಲಾಭಕ್ಕೆ ದುಡಿಯುವವನು ಕಸ ಒಯ್ಯುವುದಕ್ಕೆ ಹೋಟೆಲಿನವರಿಂದಲೂ, ಗೊಬ್ಬರಕ್ಕೆ ತೋಟದವರಿಂದಲೂ ಹಣ ಪಡೆಯುತ್ತಾನೆ. ಮದುವೆಯ ಛತ್ರದಲ್ಲಿ ಅನ್ನವು ಹೆಚ್ಚು ಉಳಿದ ದಿನ ಅವನ ಮುಖ ಅರಳಿದರೆ? ಸಮಂತಭದ್ರ ಆಚಾರ್ಯರು ಎಣಿಸಿದ ಐದು ಅನರ್ಥದಂಡಗಳಲ್ಲಿ ಅಪಧ್ಯಾನವೂ ಒಂದು. ಪರರ ಎಂಜಲು ಬೆಳೆಯಲೆಂದು ಹಾರೈಸುವ ಮನಸ್ಸಿಗೆ ಅದರ ನೆರಳು ತಾಗಿದೆಯೆಂದೇ ನನ್ನ ಎಣಿಕೆ. ಹುಳುವಿನ ಸಾವಿಗೆ ಹೊದಿಕೆಯ ಉಪಾಯವಿದೆ. ಈ ಹಾರೈಕೆಗೆ ಪರಿಮಾಣವ್ರತವೊಂದೇ.

ಬಹಳ ಯೋಚಿಸಿ ಆತನು, ದಿನಕ್ಕೆ ಎರಡು ಟನ್ನುಗಳಿಗಿಂತ ಹೆಚ್ಚು ಕಸ ಸ್ವೀಕರಿಸುವುದಿಲ್ಲವೆಂದು ಬಸದಿಯಲ್ಲಿ ನಿಯಮ ಕೈಗೊಂಡನು. ಎಷ್ಟು ಉಳಿಯಿತೆಂದು ಪ್ರತಿ ಹೋಟೆಲಿಗೂ ತಿಂಗಳಿಗೊಮ್ಮೆ ಚೀಟಿ ಬರೆದು ಕೊಡುತ್ತಾನೆ. ಒಂದೆರಡು ಕಡೆ ಉಳಿಕೆ ಕಡಿಮೆಯಾಗಿದೆಯಂತೆ, ಅವನ ಆದಾಯವೂ ಅಷ್ಟೇ. ತಾಯಿಯವರು ಪೂರ್ಣವಾಗಿ ಒಪ್ಪಿಲ್ಲ. ಚತುರ್ದಶಿಯ ದಿನ ಮಾತ್ರ, ಉಪವಾಸದಲ್ಲಿದ್ದುಕೊಂಡೇ, ಸಂಜೆಯ ಬೆಳಕು ಇರುವಾಗ ಅಂಗಳಕ್ಕೆ ಹೋಗಿ ರಾಶಿಗಳಿಗೆ ಹೊದಿಕೆಯಾಗಿದೆಯೇ ಎಂದು ನೋಡಿ ಬರುತ್ತಾರೆ.